ಪೇಜಿಗೆ ಲೈಕ್ ಇದೆ, ವೆಬ್‌ಸೈಟಿಗೆ ಗಿರಾಕಿ ಇಲ್ಲ: ಎಲ್ಲಿ ತಪ್ಪಾಗ್ತಿದೆ?

ಪ್ರಶ್ನೆ: ನಾನು ಮತ್ತು ನನ್ನ ಅತ್ತಿಗೆ ಮನೆಯಲ್ಲೇ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ (ಕೋಕಂ) ಸಿರಪ್ ಮಾಡಿ ಮಾರುತ್ತೇವೆ. ಅಕ್ಕನ ಮಗ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದಾನೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ದಿನಾ ಪೋಸ್ಟ್ ಹಾಕುತ್ತೇವೆ. ಐದು ತಿಂಗಳಲ್ಲಿ ಎರಡೂ ಸೇರಿ ಆರು ಸಾವಿರ ಫಾಲೋವರ್ಸ್ ಆದರು. ಹಣ ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವ ಬೂಸ್ಟ್‌ಗೆ 4,500 ರೂಪಾಯಿ ಹಾಕಿದೆವು. ವಾಟ್ಸಾಪ್ ಗ್ರೂಪುಗಳಲ್ಲಿ ಲಿಂಕ್ ಹಾಕಿದ್ದಕ್ಕೆ ಎರಡು ಕಡೆ ನನ್ನನ್ನು ತೆಗೆದುಹಾಕಿದರು. ವೆಬ್‌ಸೈಟಿನಿಂದ ಬಂದ ಆರ್ಡರ್ ಒಟ್ಟು 11. ಅದರಲ್ಲಿ ಏಳು ನೆಂಟರದ್ದೇ. ಎಲ್ಲಿ ತಪ್ಪುತ್ತಿದ್ದೇವೆ? ಇನ್ನೂ ಹಣ ಹಾಕಬೇಕೇ?
ಉಡುಪಿ ಜಿಲ್ಲೆಯ ಓದುಗರು

ಉತ್ತರ: ಆರು ಸಾವಿರ ಫಾಲೋವರ್ಸ್, 11 ಆರ್ಡರ್. ಮಂಗಳೂರು, ಉಡುಪಿ ಕಡೆಯ ಸಣ್ಣ ವ್ಯಾಪಾರದವರು ನನ್ನ ಹತ್ತಿರ ಬಂದಾಗ ಹೆಚ್ಚುಕಡಿಮೆ ಇದೇ ಲೆಕ್ಕ ಹೇಳುತ್ತಾರೆ. ಹೋಂಸ್ಟೇ ಇರಲಿ, ಸೀರೆ ಇರಲಿ, ಟ್ಯೂಷನ್ ಇರಲಿ. ಪೋಸ್ಟ್ ಸರಿಯಿಲ್ಲ ಎಂದೇ ಎಲ್ಲರ ಅನುಮಾನ. ಪೋಸ್ಟ್ ನೋಡಿದ ಮನುಷ್ಯ ದುಡ್ಡು ಕೊಡುವ ತನಕ ಯಾವ ದಾರಿಯಲ್ಲಿ ಹೋಗಬೇಕು ಎನ್ನುವುದನ್ನು ಮಾತ್ರ ಯಾರೂ ತಾವೇ ಹೋಗಿ ನೋಡಿರುವುದಿಲ್ಲ. ನಿಮ್ಮ ತೊಂದರೆಯಲ್ಲಿ ಮುಕ್ಕಾಲು ಪಾಲು ಅಲ್ಲೇ ಇದೆ. ನಿಮ್ಮ ಫೋಟೋಗಳು ಚೆನ್ನಾಗಿವೆ, ಅವನ್ನು ಬದಲಿಸಬೇಕಾಗಿಲ್ಲ.

ನಿಮ್ಮ ಪೇಜನ್ನು ನನ್ನ ಫೋನಿನಲ್ಲಿ ತೆರೆದು ಗಿರಾಕಿಯ ಹಾಗೆ ನೋಡಿದೆ. ಚಾಪೆಯ ಮೇಲೆ ಸಾಲಾಗಿ ಒಣಗಿಸಿದ ಹಪ್ಪಳದ ಫೋಟೋ ಇದೆ, ಆಸೆ ಹುಟ್ಟಿಸುವಂಥದ್ದು. ಕೆಳಗೆ ಬರೆದದ್ದು: 'ಅಪ್ಪಟ ಮನೆ ರುಚಿ. ಇಂದೇ ಭೇಟಿ ಕೊಡಿ. ಲಿಂಕ್ ಬಯೋದಲ್ಲಿದೆ.' ಆದರೆ ನಾನು ನೋಡುತ್ತಿದ್ದದ್ದು ಫೇಸ್‌ಬುಕ್. ಇನ್‌ಸ್ಟಾಗ್ರಾಂಗೆ ಬರೆದದ್ದು ಹಾಗೇ ಇಲ್ಲಿಗೂ ಬಂದುಬಿಟ್ಟಿದೆ. ಫೇಸ್‌ಬುಕ್ ಪೋಸ್ಟಿನಲ್ಲಿ ಲಿಂಕನ್ನು ಅಲ್ಲೇ ಕೊಡಬಹುದು, ಒತ್ತಿದರೆ ತೆರೆಯುತ್ತದೆ. ಇನ್‌ಸ್ಟಾಗ್ರಾಂ ಪೋಸ್ಟಿನ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಅದಕ್ಕೇ ಅಲ್ಲಿ ಬಯೋದಲ್ಲಿ, ಅಂದರೆ ಪ್ರೊಫೈಲಿನ ಪರಿಚಯದ ಜಾಗದಲ್ಲಿ, ಲಿಂಕ್ ಇಡುವುದು. ಎರಡು ಕಡೆಯ ಕ್ರಮ ಬೇರೆ. ಒಂದೇ ಸಲ ಎರಡೂ ಕಡೆ ಹೋಗುವ ಹಾಗೆ ಸೆಟ್ ಮಾಡಿಟ್ಟಿದ್ದೀರಿ, ಅದನ್ನು ತೆಗೆಯಿರಿ. ಎರಡು ಸಲ ಹಾಕುವುದು ಎರಡು ನಿಮಿಷ ಜಾಸ್ತಿ ಕೆಲಸ, ಅಷ್ಟೇ.

ಸರಿ, ಇನ್‌ಸ್ಟಾಗ್ರಾಂಗೆ ಹೋಗಿ ಬಯೋದ ಲಿಂಕ್ ಒತ್ತಿದೆ. ನಿಮ್ಮ ವೆಬ್‌ಸೈಟಿನ ಮುಖಪುಟ ತೆರೆಯಿತು, ತೆರೆಯುವುದಕ್ಕೇ ತುಂಬ ಹೊತ್ತು ಹಿಡಿಯಿತು. ಮೊದಲು ತೆಂಗಿನ ತೋಟ, ಆಮೇಲೆ ಕಡಲು, ಆಮೇಲೆ ನಿಮ್ಮ ಮನೆ. ಮೂರು ದೊಡ್ಡ ಫೋಟೋ ತಿರುಗುತ್ತಾ ಇದ್ದವು. ಕೆಳಗೆ 'ಸ್ವಾಗತ', ಅದರ ಕೆಳಗೆ 'ನಮ್ಮ ಬಗ್ಗೆ'. ಹಪ್ಪಳ ಎಲ್ಲಿ? ಮೆನುವಿನಲ್ಲಿ 'ಇತರೆ' ಅಂತ ಇದ್ದ ಕಡೆ ಸಿಕ್ಕಿತು. ಬೆಲೆ 180 ರೂಪಾಯಿ. ಕಾರ್ಟಿಗೆ ಹಾಕಿದೆ. ಈಗ ಅಕೌಂಟ್ ಮಾಡಿ, ಪಾಸ್‌ವರ್ಡ್ ಇಡಿ ಎಂದಿತು. ಅದನ್ನೂ ಮಾಡಿದೆ. ವಿಳಾಸ, ಪಿನ್‌ಕೋಡ್ ಎಲ್ಲ ಕೊಟ್ಟ ಮೇಲೆ ಕೊನೆಗೆ ಕೊರಿಯರ್‌ಗೆ 120 ರೂಪಾಯಿ ಅಂತ ಬಂತು. ಹಪ್ಪಳ ತಿನ್ನುವ ಆಸೆಯಿಂದ ಬಂದವರು ಇಷ್ಟು ದೂರ ಬರುವುದೇ ಕಷ್ಟ. ಬಂದವರೂ ಈ 120 ನೋಡಿ ಫೋನ್ ಬದಿಗಿಡುತ್ತಾರೆ.

ಇದನ್ನು ಸರಿಮಾಡುವುದು ಹೀಗೆ. ಹಪ್ಪಳದ ಪೋಸ್ಟ್ ಹಾಕಿದರೆ ಲಿಂಕ್ ಹಪ್ಪಳದ ಪುಟಕ್ಕೇ ಹೋಗಬೇಕು, ಮುಖಪುಟಕ್ಕಲ್ಲ. ಪೋಸ್ಟಿನಲ್ಲಿದ್ದ ಅದೇ ಫೋಟೋ ಆ ಪುಟದ ಮೇಲ್ಗಡೆ ಇರಲಿ. ತಾನು ಸರಿಯಾದ ಜಾಗಕ್ಕೆ ಬಂದಿದ್ದೇನೆ ಅಂತ ಬಂದವರಿಗೆ ಕೂಡಲೇ ಗೊತ್ತಾಗಬೇಕು ಅಲ್ವಾ? ಬೆಲೆ, ಒಂದು ಕಟ್ಟಿನಲ್ಲಿ ಎಷ್ಟು ಹಪ್ಪಳ, ಎಷ್ಟು ದಿನ ಇಡಬಹುದು, ಬೆಂಗಳೂರಿಗೆ ಮತ್ತು ಮುಂಬೈಗೆ ಕೊರಿಯರ್ ಸೇರಿ ಎಷ್ಟಾಗುತ್ತದೆ, ಇಷ್ಟು ಒಂದೇ ಕಡೆ ಕಾಣಬೇಕು. ಅಕೌಂಟ್ ಮಾಡದೆಯೇ ಆರ್ಡರ್ ಕೊಡುವ ವ್ಯವಸ್ಥೆ ಹೆಚ್ಚಿನ ಸೈಟ್‌ಗಳಲ್ಲಿ ಒಂದು ಟಿಕ್ ಹಾಕಿದರೆ ಆಗುತ್ತದೆ. ಅಕ್ಕನ ಮಗನಿಗೆ ಹೇಳಿ.

ಕೊರಿಯರ್ ಖರ್ಚಿನ ವಿಷಯ ಮಾರ್ಕೆಟಿಂಗ್‌ನದ್ದಲ್ಲ ಅಂತ ನಿಮಗೆ ಅನಿಸಬಹುದು. ನನ್ನ ಅನುಭವದಲ್ಲಿ ನಮ್ಮ ಕಡೆಯ ಮನೆತಿಂಡಿ ಸೈಟ್‌ಗಳು ಸೋಲುವುದು ಜಾಸ್ತಿ ಇಲ್ಲೇ. 180 ರೂಪಾಯಿಯ ಒಂದು ಕಟ್ಟಿಗೆ 120 ಕೊರಿಯರ್ ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. ಮೂರು ಕಟ್ಟು ಹಪ್ಪಳ, ಒಂದು ಬಾಟಲಿ ಉಪ್ಪಿನಕಾಯಿ, ಒಂದು ಸಿರಪ್ ಸೇರಿಸಿ ಒಂದು ಮಳೆಗಾಲದ ಪೆಟ್ಟಿಗೆ ಮಾಡಿ. ಕೊರಿಯರನ್ನು ಬೆಲೆಯೊಳಗೇ ಸೇರಿಸಿ ಒಂದೇ ಅಂಕಿ ಹೇಳಿ. ಪೋಸ್ಟ್ ಹಾಕುವುದೂ ಆ ಪೆಟ್ಟಿಗೆಗೇ. ಹೇಳಲು ಒಂದೇ ಸಾಮಾನು ಇದ್ದಾಗ ಪೋಸ್ಟ್ ಬರೆಯುವುದೂ ಸುಲಭ.

ಇನ್ನೊಂದು ಪರೀಕ್ಷೆ ಮಾಡಿ ನೋಡಿ. ಇನ್‌ಸ್ಟಾಗ್ರಾಂನಲ್ಲಿ ಲಿಂಕ್ ಒತ್ತಿದರೆ ಅದು ಸಾಮಾನ್ಯವಾಗಿ ಕ್ರೋಮ್‌ನಲ್ಲಿ ತೆರೆಯುವುದಿಲ್ಲ, ಇನ್‌ಸ್ಟಾಗ್ರಾಂನ ಒಳಗಿನ ಬ್ರೌಸರ್‌ನಲ್ಲೇ ತೆರೆಯುತ್ತದೆ. ಗೂಗಲ್ ಲಾಗಿನ್ ಅದರೊಳಗೆ ನಡೆಯದೇ ಹೋಗಬಹುದು. ಅಲ್ಲಿಂದ ಗೂಗಲ್ ಪೇ, ಫೋನ್‌ಪೇಗೆ ಹೋಗಿ ವಾಪಸು ಬರುವಾಗ ಕೆಲವು ಸಲ ಸಿಕ್ಕಿಹಾಕಿಕೊಳ್ಳುತ್ತದೆ. ನೀವು ಕಂಪ್ಯೂಟರಿನಲ್ಲಿ ನೋಡಿದಾಗ ಎಲ್ಲ ಸರಿ ಇರುತ್ತದೆ, ಗಿರಾಕಿಯ ಫೋನಿನಲ್ಲಿ ಇರುವುದಿಲ್ಲ. ಒಂದು ಆಂಡ್ರಾಯ್ಡ್, ಒಂದು ಐಫೋನ್, ಎರಡರಲ್ಲೂ ಪೋಸ್ಟಿನಿಂದ ಶುರುಮಾಡಿ ಹಣ ಕಟ್ಟುವ ತನಕ ಹೋಗಿ ನೋಡಿ. ನೀವೇ ಮಾಡುವುದಕ್ಕಿಂತ ವೆಬ್‌ಸೈಟ್ ನೋಡಿಯೇ ಇರದ ಪಕ್ಕದ ಮನೆಯವರ ಕೈಗೆ ಫೋನ್ ಕೊಟ್ಟು, ನೀವು ಬಾಯಿ ಬಿಡದೆ ನೋಡುತ್ತಾ ಕೂರುವುದು ಒಳ್ಳೆಯದು. ಅವರ ಬೆರಳು ಎಲ್ಲಿ ತಡೆಯುತ್ತದೋ ಅಲ್ಲಿ ನಿಮ್ಮ ಆರ್ಡರ್ ಹೋಗ್ತಾ ಇದೆ.

ಸೈಟ್ ನಿಧಾನ ಆಗಲು ಕಾರಣ ಆ ಮೂರು ಫೋಟೋ. ಕ್ಯಾಮೆರಾದಿಂದ ತೆಗೆದದ್ದನ್ನು ಹಾಗೇ ಏರಿಸಿದ್ದಾರೆ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನಿಮ್ಮ ವಿಳಾಸ ಹಾಕಿದರೆ ದುಡ್ಡಿಲ್ಲದೆ ಪರೀಕ್ಷೆ ಆಗುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಅನ್ನುವುದು ಗೂಗಲ್ ಇಟ್ಟುಕೊಂಡ ಅಳತೆ. ಫೋಟೋ ಚಿಕ್ಕದು ಮಾಡಿ, ತಿರುಗುವುದನ್ನು ತೆಗೆದುಬಿಡಿ.

ಈಗ ವಾಟ್ಸಾಪ್ ವಿಷಯ. ನಿಮ್ಮ ಲಿಂಕನ್ನು ನನಗೆ ನಾನೇ ಕಳಿಸಿಕೊಂಡು ನೋಡಿದೆ. ಫೋಟೋ ಇಲ್ಲ. ಹೆಸರಿನ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಹೋಂ, ಮೈ ಸೈಟ್' ಅಂತ ಇದೆ. ವಿಳಾಸ ನೋಡಿದರೆ ಶೇಕಡಾ ಚಿಹ್ನೆ, ಅಕ್ಷರ, ಅಂಕಿ ಸೇರಿದ ಮೂರು ಸಾಲಿನ ಗೋಜಲು. ಅದು ಹೇಗಾಯಿತು ಗೊತ್ತಾ? ಹಪ್ಪಳದ ಪುಟದ ವಿಳಾಸವನ್ನು ಕನ್ನಡ ಅಕ್ಷರದಲ್ಲೇ ಇಟ್ಟಿದ್ದೀರಿ. ಬ್ರೌಸರ್‌ನಲ್ಲಿ ನೋಡುವಾಗ ಚಂದ ಕಾಣುತ್ತದೆ. ಕಾಪಿ ಮಾಡಿ ಕಳಿಸಿದಾಗ ಒಂದೊಂದು ಕನ್ನಡ ಅಕ್ಷರವೂ ಅಂಥ ಮೂರು ಮೂರು ತುಂಡಾಗುತ್ತದೆ. ಮದುವೆ ಕಾಗದ ಅಂತಲೋ, ಟ್ರಾಫಿಕ್ ದಂಡ ಅಂತಲೋ ವಾಟ್ಸಾಪ್‌ನಲ್ಲಿ ಬಂದದ್ದನ್ನು ಒತ್ತಿ ದುಡ್ಡು ಕಳಕೊಂಡವರ ಸುದ್ದಿ ಎಲ್ಲರೂ ಓದಿದ್ದಾರೆ. ಅಂಥ ಲಿಂಕ್ ಕಂಡರೆ ಜನ ಮುಟ್ಟುವುದೇ ಇಲ್ಲ, ಮುಟ್ಟಬಾರದು ಕೂಡ. ಪುಟದ ಒಳಗೆಲ್ಲ ಕನ್ನಡ ಇರಲಿ, ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇರಲಿ. ಲಿಂಕ್ ಚಿಕ್ಕದು ಮಾಡಿಕೊಡುವ ಬೇರೆ ಸೇವೆಗಳನ್ನೂ ಬಳಸಬೇಡಿ. ನಿಮ್ಮ ಸ್ವಂತ ಹೆಸರೇ ಅದರಲ್ಲಿ ಕಾಣುವುದು ಮೇಲು.

ಫೋಟೋ ಬರದಿರುವುದಕ್ಕೆ ಕಾರಣ ಓಪನ್ ಗ್ರಾಫ್ ಟ್ಯಾಗ್ ಇಲ್ಲದಿರುವುದು. ಲಿಂಕ್ ಹಂಚಿದಾಗ ಯಾವ ಹೆಸರು, ಯಾವ ವಿವರ, ಯಾವ ಚಿತ್ರ ತೋರಿಸಬೇಕು ಎಂದು ಪುಟದೊಳಗೆ ಬರೆದಿಡುವ ಕೆಲವು ಸಾಲು ಅದು. 2010ರಲ್ಲಿ ಫೇಸ್‌ಬುಕ್ ಶುರುಮಾಡಿತು, ಈಗ ವಾಟ್ಸಾಪ್, ಟೆಲಿಗ್ರಾಂ, ಲಿಂಕ್ಡ್‌ಇನ್ ಎಲ್ಲವೂ ಅದನ್ನೇ ಓದುತ್ತವೆ. ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ ಮಾಡಿದ್ದಾದರೆ, ಯೋಸ್ಟ್‌ನಂಥ ಪ್ಲಗಿನ್‌ನಲ್ಲಿ (ಅದಕ್ಕೆ ಸೇರಿಸಿಕೊಳ್ಳುವ ಸಣ್ಣ ಸಾಧನ) ತುಂಬಿಸಿದರೆ ಸಾಕು. ಚಿತ್ರ 1200 ಅಗಲ, 630 ಎತ್ತರ ಇರಲಿ. ಬದಲಿಸಿದ ಮೇಲೂ ಹಳೆಯದೇ ತೋರಿಸಿದರೆ ಗಾಬರಿ ಬೇಡ. ಫೇಸ್‌ಬುಕ್‌ನ ಶೇರಿಂಗ್ ಡಿಬಗ್ಗರ್‌ನಲ್ಲಿ ಲಿಂಕ್ ಹಾಕಿ 'ಸ್ಕ್ರೇಪ್ ಅಗೇನ್' ಒತ್ತಿದರೆ ಫೇಸ್‌ಬುಕ್ ಹೊಸದನ್ನು ಓದಿಕೊಳ್ಳುತ್ತದೆ. ಹಪ್ಪಳ ಕರಿದು ಬಾಳೆಲೆಯಲ್ಲಿಟ್ಟ ಒಂದು ಫೋಟೋ, 'ಹಲಸಿನ ಹಪ್ಪಳ, ಕೊರಿಯರ್ ಸೇರಿ ಇಷ್ಟು' ಅನ್ನುವ ಒಂದು ಸಾಲು. ಇಷ್ಟು ಕಂಡರೆ ಮುಂಬೈಯ ಚಿಕ್ಕಮ್ಮ ಅದನ್ನು ಇನ್ನೊಬ್ಬರಿಗೆ ಕಳಿಸುತ್ತಾರೆ.

ಗ್ರೂಪಿನಿಂದ ತೆಗೆದುಹಾಕಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಆದರೆ ಅವರದ್ದೂ ತಪ್ಪಿಲ್ಲ. ಶಾಲೆಯ ಹಳೆ ವಿದ್ಯಾರ್ಥಿಗಳ ಗ್ರೂಪು, ದೇವಸ್ಥಾನದ ಸಮಿತಿಯ ಗ್ರೂಪು ಇರುವುದು ಬೇರೆ ಕೆಲಸಕ್ಕೆ. ಅಲ್ಲಿ ದಿನಾ ಬೆಳಿಗ್ಗೆ ಲಿಂಕ್ ಬಂದರೆ ಯಾರಿಗಾದರೂ ಕಿರಿಕಿರಿ ಆಗುತ್ತದೆ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಕ್ಯಾಟಲಾಗ್ ಇದೆ, ಬೆಲೆ ಹಾಕಿಡಬಹುದು. ಒಮ್ಮೆ ಕೊಂಡವರನ್ನು ಕೇಳಿ ಒಂದು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ, ಒಂದೇ ಮೆಸೇಜ್ ಎಲ್ಲರಿಗೂ ಬೇರೆಬೇರೆಯಾಗಿ ಹೋಗುತ್ತದೆ. ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ಪೆಟ್ಟಿಗೆಯೊಳಗೆ ಒಂದು ಚೀಟಿ ಇಡಿ: 'ನಮ್ಮ ನಂಬರ್ ಉಳಿಸಿಕೊಳ್ಳಿ, ಹೊಸ ಹಪ್ಪಳ ಆದಾಗ ತಿಳಿಸುತ್ತೇವೆ.' ತಿಂಗಳಿಗೆ ಒಂದೆರಡು ಮೆಸೇಜ್ ಸಾಕು. ಬೇಡ ಅಂದವರನ್ನು ಅವತ್ತೇ ತೆಗೆಯಿರಿ. ನಿಮ್ಮಂಥ ವ್ಯಾಪಾರಕ್ಕೆ ಆರು ಸಾವಿರ ಫಾಲೋವರ್ಸ್‌ಗಿಂತ ಈ ಇನ್ನೂರು ಜನರ ಪಟ್ಟಿಯೇ ಹೆಚ್ಚು ತೂಕದ್ದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಪೋಸ್ಟಿನ ಕೆಳಗೆ 'ರೇಟ್ ಎಷ್ಟು?' ಅಂತ ಕೇಳಿದವರಿಗೆಲ್ಲ 'ಇನ್‌ಬಾಕ್ಸ್ ಮಾಡಿ' ಎಂದು ಉತ್ತರಿಸಿದ್ದೀರಿ. ದಯವಿಟ್ಟು ಬೆಲೆಯನ್ನು ಅಲ್ಲೇ ಬರೆಯಿರಿ. ಒಬ್ಬರು ಕೇಳುತ್ತಾರೆ, ನೂರು ಜನ ಓದುತ್ತಾರೆ. ಬೆಲೆ ಮುಚ್ಚಿಟ್ಟರೆ ಜಾಸ್ತಿ ಇರಬಹುದು ಅಂತ ಜನ ಅಂದುಕೊಳ್ಳುತ್ತಾರೆ. ಆನ್‌ಲೈನ್ ಮಾರಾಟಕ್ಕೆ 2020ರಲ್ಲಿ ಬಂದ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳೂ ಒಟ್ಟು ಬೆಲೆ, ವಾಪಸು ಕೊಡುವ ಕ್ರಮ, ದೂರು ಹೇಳಲು ಸಂಪರ್ಕ, ಇವನ್ನು ಸ್ಪಷ್ಟವಾಗಿ ತೋರಿಸಬೇಕು ಅನ್ನುತ್ತವೆ. ತಿಂಡಿ ಮಾರುವವರು ಆದ್ದರಿಂದ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ನಂಬರ್ ಕೂಡ ಪುಟದಲ್ಲಿ ಕಾಣಲಿ. ನಂಬಿಕೆ ಹುಟ್ಟುವುದು ಇಂಥ ಸಣ್ಣ ಸಾಲುಗಳಿಂದ.

ಬೂಸ್ಟ್‌ಗೆ ಬರುತ್ತೇನೆ. ನೀವು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ಗುರಿ: ಹೆಚ್ಚು ಎಂಗೇಜ್‌ಮೆಂಟ್, ಅಂದರೆ ಲೈಕ್, ಕಮೆಂಟ್, ಶೇರ್. ಜಾಗ: ಭಾರತ. ವಯಸ್ಸು: 18ರಿಂದ 65. ಫೇಸ್‌ಬುಕ್ ನೀವು ಕೇಳಿದ್ದನ್ನೇ ಕೊಟ್ಟಿದೆ. ಎಂಗೇಜ್‌ಮೆಂಟ್ ಬೇಕು ಅಂದರೆ ಅದು ಕಂಡದ್ದಕ್ಕೆಲ್ಲ ಲೈಕ್ ಒತ್ತುವ ಅಭ್ಯಾಸ ಇರುವವರನ್ನು ಹುಡುಕಿ ಅವರಿಗೆ ತೋರಿಸುತ್ತದೆ. ಅವರು ಎಲ್ಲಿಯವರೋ, ಹಲಸಿನ ಹಪ್ಪಳ ತಿಂದವರೋ ಅಲ್ಲವೋ, ಅದರ ಗೊಡವೆಗೆ ಅದು ಹೋಗುವುದಿಲ್ಲ. ನಿಮ್ಮ ಲೈಕ್ ಪಟ್ಟಿಯನ್ನು ತೆರೆದು ಹೆಸರು ನೋಡುತ್ತಾ ಹೋಗಿ. ಬೇರೆ ರಾಜ್ಯದ, ಕನ್ನಡ ಓದಲು ಬಾರದವರೇ ಅರ್ಧಕ್ಕಿಂತ ಜಾಸ್ತಿ ಇದ್ದಾರೆ. 4,500 ರೂಪಾಯಿಗೆ ಬಂದದ್ದು ಅವರು.

ಬೂಸ್ಟ್ ಬಟನ್ ಬಿಟ್ಟು ಫೇಸ್‌ಬುಕ್‌ನ ಜಾಹೀರಾತು ವಿಭಾಗ ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಜಾಹೀರಾತು ಮಾಡಿ. ಮೊದಲ ಸಲ ನೋಡಿದರೆ ಗೊಂದಲ ಆಗುತ್ತದೆ, ಒಂದು ಸಂಜೆ ಕೂತರೆ ಕೈಗೆ ಬರುತ್ತದೆ. ಗುರಿ 'ಟ್ರಾಫಿಕ್' (ಸೈಟಿಗೆ ಜನ ಬರುವುದು) ಇಟ್ಟರೆ ಅದರೊಳಗೆ 'ಲ್ಯಾಂಡಿಂಗ್ ಪೇಜ್ ವ್ಯೂ' (ಪುಟ ತೆರೆಯುವ ತನಕ ಬಂದವರು) ಆರಿಸಿ. ಸುಮ್ನೆ 'ಲಿಂಕ್ ಕ್ಲಿಕ್' ಇಟ್ಟರೆ ಬೆರಳು ತಾಗಿ ಒತ್ತಿದವರೂ ಲೆಕ್ಕಕ್ಕೆ ಬರುತ್ತಾರೆ. ಮೆಟಾ (ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್‌ನ ಕಂಪನಿ) ಪಿಕ್ಸೆಲ್ ಎನ್ನುವ ಒಂದು ತುಂಡು ಕೋಡ್ ಸೈಟಿನಲ್ಲಿ ಹಾಕಿಸಿ, ಅದಿಲ್ಲದಿದ್ದರೆ ಯಾರು ಪುಟದ ತನಕ ಬಂದರು, ಯಾರು ಕೊಂಡರು ಎನ್ನುವುದು ಫೇಸ್‌ಬುಕ್‌ಗೆ ಗೊತ್ತಾಗುವುದಿಲ್ಲ. ಆರ್ಡರ್ ನಿಯಮಿತವಾಗಿ ಬರಲು ಶುರುವಾದ ಮೇಲೆ 'ಸೇಲ್ಸ್' ಗುರಿಗೆ ಹೋಗಿ. ಜಾಹೀರಾತಿನ ಹಣದ ಮೇಲೆ 18 ಶೇಕಡಾ ಜಿಎಸ್‌ಟಿ ಇದೆ, ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ.

ಯಾರಿಗೆ ತೋರಿಸಬೇಕು? ನಿಮ್ಮ ಗಿರಾಕಿ ಉಡುಪಿಯಲ್ಲಿ ಕಡಿಮೆ. ಇಲ್ಲಿ ಹಪ್ಪಳ ಮನೆಯಲ್ಲೇ ಮಾಡುತ್ತಾರೆ, ಇಲ್ಲವೇ ಅಕ್ಕಪಕ್ಕದಲ್ಲಿ ಸಿಗುತ್ತದೆ. ಊರು ಬಿಟ್ಟು ಹೋದವರಿಗೆ ಅದು ಬೇಕು. ಮುಂಬೈ, ಠಾಣೆ, ಪುಣೆ, ಬೆಂಗಳೂರು, ಇಷ್ಟು ಊರು ಹಾಕಿ. 'ಕನ್ನಡ ಭಾಷೆ' ಎಂದು ಸೋಸಿದರೆ ಸರಿಯಾಗುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ನಮ್ಮವರಲ್ಲಿ ಬಹಳಷ್ಟು ಮಂದಿ ಫೋನನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿರುತ್ತಾರೆ, ಅವರೆಲ್ಲ ತಪ್ಪಿಹೋಗುತ್ತಾರೆ. ವಿಡಿಯೋದಲ್ಲಿ ತುಳುವಿನಲ್ಲೋ ಕುಂದಾಪ್ರ ಕನ್ನಡದಲ್ಲೋ ಮಾತಾಡಿ. ತಮ್ಮ ಮಾತು ಕಿವಿಗೆ ಬಿದ್ದರೆ ಬೇಕಾದವರು ನಿಲ್ಲುತ್ತಾರೆ, ಬೇಡದವರು ಮುಂದೆ ಹೋಗುತ್ತಾರೆ. ಕೆಳಗೆ ಕನ್ನಡ ಅಕ್ಷರದಲ್ಲಿ ಮಾತನ್ನು ತೋರಿಸಿ. ಬಸ್ಸಿನಲ್ಲಿ, ಆಫೀಸಿನಲ್ಲಿ ಸದ್ದು ತೆಗೆದು ನೋಡುವವರೇ ಜಾಸ್ತಿ.

ಗಲ್ಫ್‌ನಲ್ಲಿರುವವರಿಗೆ ಈಗಲೇ ಜಾಹೀರಾತು ಬೇಡ, ಅಲ್ಲಿಗೆ ಕಳಿಸುವ ಖರ್ಚು ನಿಮಗೆ ಏಳುವುದಿಲ್ಲ. ಆದರೆ ಅವರು ರಜೆಗೆ ಊರಿಗೆ ಬರುತ್ತಾರೆ, ಹೋಗುವಾಗ ಪೆಟ್ಟಿಗೆ ತುಂಬಿಸಿಕೊಂಡು ಹೋಗುತ್ತಾರೆ. 'ಹೊರಡುವ ಮುಂಚೆ ಮನೆಗೆ ತಲುಪಿಸುತ್ತೇವೆ' ಅಂತ ಪೇಜಿನಲ್ಲಿ ಒಂದು ಪೋಸ್ಟ್ ಹಾಕಿ, ರಾತ್ರಿ ಒಂಬತ್ತೂವರೆಗೆ ಹಾಕಿ. ಆಗ ದುಬೈಯಲ್ಲಿ ಎಂಟು ಗಂಟೆ, ಕುವೈತ್, ಕತಾರ್‌ನಲ್ಲಿ ಏಳು. ಕೆಲಸ ಮುಗಿಸಿ ಫೋನ್ ಹಿಡಿಯುವ ಹೊತ್ತು. ನೀವೀಗ ಬೆಳಿಗ್ಗೆ ಆರಕ್ಕೆ ಪೋಸ್ಟ್ ಹಾಕುತ್ತಿದ್ದೀರಿ. ನಿಮಗೆ ಅನುಕೂಲ ಇರಬಹುದು, ಅವರಿಗೆ ಅದು ನಡುರಾತ್ರಿ ಕಳೆದ ಹೊತ್ತು.

ದಿನಾ ಪೋಸ್ಟ್ ಹಾಕಲೇಬೇಕು ಎನ್ನುವ ಹಟ ಬಿಡಿ. 'ಶುಭೋದಯ', ಹಬ್ಬದ ಶುಭಾಶಯ, ಗುಲಾಬಿ ಹೂವಿನ ಮೇಲೆ ಒಳ್ಳೆ ಮಾತು, ಇವೆಲ್ಲ ಯಾರನ್ನೂ ನಿಮ್ಮ ಸೈಟಿಗೆ ತರುವುದಿಲ್ಲ. ವಾರಕ್ಕೆ ಎರಡು ಒಳ್ಳೆಯ ಪೋಸ್ಟ್ ಸಾಕು. ನಿಮ್ಮ ಪೇಜಿನಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದೇ ಒಂದು ವಿಡಿಯೋ. ಅತ್ತಿಗೆ ಬೇಯಿಸಿದ ಹಲಸಿನ ಸೊಳೆ ರುಬ್ಬಿ, ಉಂಡೆ ಮಾಡಿ, ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತುತ್ತಾರೆ. ಹಾಳೆ ಬಿಡಿಸುವಾಗ ಅಂಚು ಸ್ವಲ್ಪ ಹರಿಯುತ್ತದೆ, ಬೆರಳಿನಿಂದ ಸರಿಮಾಡುತ್ತಾರೆ. ಅದರ ಕೆಳಗೆ 40 ಜನ ತಮ್ಮ ಅಜ್ಜಿ ಮಾಡುತ್ತಿದ್ದ ಹಪ್ಪಳದ ನೆನಪು ಬರೆದಿದ್ದಾರೆ. ಒಬ್ಬರಿಗೂ ನೀವು ಉತ್ತರ ಕೊಟ್ಟಿಲ್ಲ, ಲಿಂಕೂ ಹಾಕಿಲ್ಲ. ಅಂಗಡಿ ತುಂಬ ಜನ ಬಂದು ನಿಂತಿರುವಾಗ ಯಜಮಾನರು ಒಳಗೆ ಹೋಗಿ ಮಲಗಿದ ಹಾಗಾಯಿತು. ಈಗಲೂ ತಡವಾಗಿಲ್ಲ. ಒಬ್ಬೊಬ್ಬರ ಹೆಸರು ಹಿಡಿದು ಉತ್ತರ ಬರೆಯಿರಿ. ನೀವು ದುಡ್ಡು ಕೊಟ್ಟು ಹುಡುಕುತ್ತಿರುವ ಗಿರಾಕಿಗಳು ಆ 40 ಜನರೇ.

ಇಂಥ ವಿಡಿಯೋ ಮಾಡಲು ಕಾಲ ಕೂಡಿಬರಬೇಕು. ಮಿಡಿ ಬರುವುದು ಬೇಸಿಗೆಯ ಶುರುವಿಗೆ. ಹಪ್ಪಳ ಒಣಗುವುದು ಮಾರ್ಚಿನಿಂದ ಮೇ ತನಕದ ಬಿಸಿಲಿನಲ್ಲಿ. ಪುನರ್ಪುಳಿ ಹಣ್ಣು ಏಪ್ರಿಲ್, ಮೇಯಲ್ಲಿ. ತಿನ್ನುವ ಆಸೆ ಹುಟ್ಟುವುದು ಮಳೆ ಹಿಡಿದ ಮೇಲೆ, ಆಟಿಯಲ್ಲಿ (ಜುಲೈ, ಆಗಸ್ಟ್ ನಡುವಿನ ತುಳು ತಿಂಗಳು). ಹಾಗಾಗಿ ಬೇಸಿಗೆಯಲ್ಲಿ ಮಾಡುವುದನ್ನು ತೋರಿಸಿ, ಹೆಸರು ಬರೆಸಿಕೊಳ್ಳಿ. ಜೂನ್‌ನಲ್ಲಿ ಅವರಿಗೆಲ್ಲ ಮೊದಲು ತಿಳಿಸಿ, ಆಮೇಲೆ ಉಳಿದವರಿಗೆ. ಜಾಹೀರಾತಿನ ಹಣವನ್ನು ವರ್ಷವಿಡೀ ಚೂರುಚೂರು ಸುರಿಯುವ ಬದಲು ಜೂನ್, ಜುಲೈಗೆ ಎತ್ತಿಡಿ. ನೀವು ಡಿಸೆಂಬರ್‌ನಲ್ಲಿ ಹಪ್ಪಳ ಬೂಸ್ಟ್ ಮಾಡಿದ್ದೀರಿ. ಆಗ ಅದರ ನೆನಪು ಯಾರಿಗೂ ಇರುವುದಿಲ್ಲ.

ಕೆಲವು ವಿಷಯಗಳಲ್ಲಿ ಮಾತ್ರ ಎಚ್ಚರಿಕೆ ಹೇಳಲೇಬೇಕು. 'ಪುನರ್ಪುಳಿ ಕುಡಿದರೆ ತೂಕ ಇಳಿಯುತ್ತದೆ, ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ' ಅಂತ ಬರೆದಿದ್ದೀರಿ. ಅದನ್ನು ಇವತ್ತೇ ತೆಗೆಯಿರಿ. ಆಹಾರದ ಜಾಹೀರಾತಿನಲ್ಲಿ ಏನು ಹೇಳಬಹುದು ಎನ್ನುವುದಕ್ಕೆ ಎಫ್‌ಎಸ್‌ಎಸ್‌ಎಐ 2018ರಲ್ಲೇ ನಿಯಮ ಮಾಡಿದೆ. ಕಾಯಿಲೆ ಗುಣವಾಗುತ್ತದೆ ಅನ್ನುವ ಹಾಗಿಲ್ಲ. ನಿಯಮ ಬಿಡಿ, ಸಕ್ಕರೆ ಹಾಕಿದ ಸಿರಪ್ಪನ್ನು ಸಕ್ಕರೆ ಕಾಯಿಲೆಯವರು ನಂಬಿ ಕುಡಿದರೆ ಏನು ಗತಿ?

ಇನ್ನು ಹಿನ್ನೆಲೆ ಹಾಡು. ಬಿಸಿನೆಸ್ ಅಕೌಂಟಿಗೆ ಇನ್‌ಸ್ಟಾಗ್ರಾಂನಲ್ಲಿ ಸಿನಿಮಾ ಹಾಡು ಹೆಚ್ಚಾಗಿ ಸಿಗುವುದಿಲ್ಲ ಎಂದು ಯಕ್ಷಗಾನದ ಭಾಗವತಿಕೆಯ ತುಣುಕನ್ನು ಬೇರೆಲ್ಲಿಂದಲೋ ತೆಗೆದು ಹಾಕಿದ್ದೀರಿ. ಅದಕ್ಕೂ ಹಕ್ಕುದಾರರಿದ್ದಾರೆ, ಹಾಡಿದವರಿದ್ದಾರೆ. ಮೆಟಾದ ಸೌಂಡ್ ಕಲೆಕ್ಷನ್‌ನಲ್ಲಿ ಬಳಸಬಹುದಾದ ಸಂಗೀತ ಇದೆ. ಇಲ್ಲವಾದರೆ ಹಪ್ಪಳ ಎಣ್ಣೆಯಲ್ಲಿ ಅರಳುವ ಸದ್ದೇ ಸಾಕು, ನಿಜ ಹೇಳಬೇಕೆಂದರೆ ಅದೇ ಚೆನ್ನ. ದೈವದ ಕೋಲದ ದೃಶ್ಯ ಹಾಕಿ 'ತುಳುನಾಡಿನ ರುಚಿ' ಎಂದು ಮಾಡಿದ ಒಂದು ರೀಲ್ ಕೂಡ ಕಂಡೆ. ಅದು ಬೇಡವೇ ಬೇಡ. ದೈವವನ್ನು ನಂಬುವವರಿಗೆ ಅದು ನೋವು ಕೊಡುತ್ತದೆ. ವ್ಯಾಪಾರಕ್ಕೆ ಬಳಸುವ ವಿಷಯ ಅಲ್ಲ ಅದು.

'ಮೂವರು ಗೆಳೆಯರನ್ನು ಟ್ಯಾಗ್ ಮಾಡಿ, ಶೇರ್ ಮಾಡಿ, ಬಹುಮಾನ ಗೆಲ್ಲಿ' ಸ್ಪರ್ಧೆಯನ್ನೂ ನಿಲ್ಲಿಸಿ. ಸ್ವಂತ ಟೈಮ್‌ಲೈನ್‌ನಲ್ಲಿ ಶೇರ್ ಮಾಡಿದರೆ ಮಾತ್ರ ಸ್ಪರ್ಧೆಗೆ ಸೇರಿಸುತ್ತೇವೆ ಎನ್ನುವುದಕ್ಕೆ ಫೇಸ್‌ಬುಕ್ ನಿಯಮದಲ್ಲೇ ಅವಕಾಶ ಇಲ್ಲ. ಬರುವವರೂ ಬಹುಮಾನಕ್ಕೆ ಬರುತ್ತಾರೆ. ದುಡ್ಡು ಕೊಟ್ಟು ಫಾಲೋವರ್ಸ್ ತರಿಸಿಕೊಡುತ್ತೇವೆ ಎನ್ನುವವರ ಫೋನ್ ಬಂದರೆ ಇಟ್ಟುಬಿಡಿ. ಎಕ್ಸ್, ಥ್ರೆಡ್ಸ್, ಟೆಲಿಗ್ರಾಂ ಅಕೌಂಟುಗಳನ್ನು ತೆರೆದು ಹಾಗೇ ಬಿಟ್ಟಿದ್ದೀರಿ, ಅವು ಸದ್ಯಕ್ಕೆ ಬೇಕಾಗಿಲ್ಲ.

'ಕೊರಿಯರ್‌ನಲ್ಲಿ ಹಪ್ಪಳ ಪುಡಿಯಾಗಿ ಬಂತು' ಎಂದು ಒಬ್ಬರು ಬರೆದ ಕಮೆಂಟನ್ನು ಡಿಲೀಟ್ ಮಾಡಿದ್ದಾಗಿ ಹೇಳಿದ್ದೀರಿ. ಅವರಿಗೆ ಫೋನ್ ಮಾಡಿ ಇನ್ನೊಂದು ಕಟ್ಟು ಕಳಿಸಿ. ಮುಂದೆ ಇಂಥದ್ದು ಬಂದರೆ ಎಲ್ಲರಿಗೂ ಕಾಣುವ ಹಾಗೆ ಅಲ್ಲೇ ಉತ್ತರ ಕೊಡಿ: 'ತಪ್ಪಾಯ್ತು, ಬೇರೆ ಕಳಿಸುತ್ತೇವೆ.' ಓದುವವರು ನೋಡುವುದು ನೀವು ಏನು ಮಾಡಿದಿರಿ ಅನ್ನುವುದನ್ನು.

'ನಮ್ಮ ಬಗ್ಗೆ' ಪುಟ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗಿದೆ. ನುಡಿ ಎನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಹಾಕಿದ್ದು ಕಾರಣ. ಆ ಫಾಂಟ್ ಇಲ್ಲದ ಕಡೆ ಅದು ಕನ್ನಡವಾಗಿ ಕಾಣುವುದಿಲ್ಲ, ಗೂಗಲ್‌ಗೂ ಓದಲಾಗುವುದಿಲ್ಲ. ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಪೋಸ್ಟರ್ ಚಿತ್ರದೊಳಗೆ ಮಾತ್ರ ವಿವರ ಬರೆದಿದ್ದರೆ ಅದನ್ನು ಕೆಳಗೆ ಅಕ್ಷರದಲ್ಲೂ ಬರೆಯಿರಿ.

ಯಾವ ಪೋಸ್ಟಿನಿಂದ ಯಾರು ಬಂದರು ಅಂತ ಗೊತ್ತಾಗಬೇಕಲ್ವಾ? ಸೈಟಿನಲ್ಲಿ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಇದೆ, ಒಳ್ಳೆಯದು. ಅದರಲ್ಲಿ 'ಡೈರೆಕ್ಟ್' ಎಂದು ಕಾಣುವವರಲ್ಲಿ ಬಹಳಷ್ಟು ಜನ ವಾಟ್ಸಾಪ್‌ನಿಂದ ಬಂದವರೇ. ಆ್ಯಪ್‌ನಿಂದ ಬಂದಾಗ ಎಲ್ಲಿಂದ ಎನ್ನುವ ಗುರುತು ಸಾಮಾನ್ಯವಾಗಿ ಉಳಿಯುವುದಿಲ್ಲ. ಲಿಂಕಿನ ಕೊನೆಗೆ ಯುಟಿಎಂ ಎನ್ನುವ ಗುರುತಿನ ಪದಗಳನ್ನು ಸೇರಿಸಿದರೆ ಉಳಿಯುತ್ತದೆ. ಗೂಗಲ್‌ನ ಕ್ಯಾಂಪೇನ್ ಯುಆರ್‌ಎಲ್ ಬಿಲ್ಡರ್‌ನಲ್ಲಿ ಎಲ್ಲಿಂದ, ಯಾವ ಬಗೆ, ಯಾವ ಪ್ರಚಾರ ಎಂದು ಮೂರು ಜಾಗ ತುಂಬಿಸಿದರೆ ಲಿಂಕ್ ಸಿದ್ಧವಾಗುತ್ತದೆ. ಇದು ತಲೆನೋವು ಅನಿಸಿದರೆ ಆರ್ಡರ್ ಫಾರಂನಲ್ಲಿ 'ನಮ್ಮನ್ನು ಎಲ್ಲಿ ನೋಡಿದಿರಿ?' ಅಂತ ಒಂದು ಪ್ರಶ್ನೆ ಇಡಿ. ಸಣ್ಣ ವ್ಯಾಪಾರಕ್ಕೆ ಅದೇ ಸಾಕಾಗುತ್ತದೆ.

ಪೇಜಿನ ಅಡ್ಮಿನ್ ಯಾರು? ನಿಮ್ಮ ಪತ್ರ ನೋಡಿದರೆ ಎಲ್ಲ ಅಕ್ಕನ ಮಗನ ಕೈಯಲ್ಲೇ ಇರುವ ಹಾಗಿದೆ. ಅವನು ಒಳ್ಳೆಯ ಹುಡುಗನೇ, ಆದರೆ ನಾಳೆ ಅವನ ಫೇಸ್‌ಬುಕ್ ಅಕೌಂಟ್ ಹೋದರೆ ನಿಮ್ಮ ಪೇಜೂ ಹೋಗುತ್ತದೆ. ನೀವು ಮತ್ತು ಅತ್ತಿಗೆ ಇಬ್ಬರೂ ಅಡ್ಮಿನ್ ಆಗಿ, ಟೂ ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ) ಹಾಕಿಸಿ. ವೆಬ್‌ಸೈಟಿನ ಹೆಸರು ನಿಮ್ಮ ಇಮೇಲ್‌ನಲ್ಲಿ ನೋಂದಣಿ ಆಗಿರಲಿ. 'ನಿಮ್ಮ ಪೇಜ್ ಕಾಪಿರೈಟ್ ತಪ್ಪು ಮಾಡಿದೆ, 24 ಗಂಟೆಯಲ್ಲಿ ಅಳಿಸುತ್ತೇವೆ' ಅಂತ ಮೆಟಾ ಹೆಸರಿನಲ್ಲಿ ಇನ್‌ಬಾಕ್ಸಿಗೆ ಮೆಸೇಜ್ ಬರುತ್ತದೆ. ಅದರ ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು, ಪೇಜ್ ಕಳ್ಳರ ಕೈಗೆ.

ಇನ್ನೂ ಹಣ ಹಾಕಬೇಕೇ ಎಂದು ಕೇಳಿದ್ದೀರಿ. ಈಗ ಒಂದು ರೂಪಾಯಿಯೂ ಬೇಡ. ಮೊದಲು ಪೆಟ್ಟಿಗೆಯ ಪುಟ, ಕೊರಿಯರ್ ಸೇರಿದ ಬೆಲೆ, ಅಕೌಂಟ್ ಇಲ್ಲದ ಆರ್ಡರ್, ವಾಟ್ಸಾಪ್‌ನಲ್ಲಿ ಕಾಣುವ ಫೋಟೋ, ಇವನ್ನು ಸರಿಮಾಡಿಸಿ. ಆ 40 ಜನರಿಗೆ ಉತ್ತರ ಬರೆದು ಪುಟದ ಲಿಂಕ್ ಕೊಡಿ, ಅದಕ್ಕೆ ಖರ್ಚಿಲ್ಲ. ಅವರಲ್ಲಿ ಐದಾರು ಜನ ಕೊಂಡರೆ ದಾರಿ ಸರಿಯಾಗಿದೆ ಎಂದು ತಿಳಿಯಿರಿ. ಆಗ ಜೂನ್‌ನಲ್ಲಿ ದಿನಕ್ಕೆ 200 ರೂಪಾಯಿಯಂತೆ ಹತ್ತು ದಿನ, ಅತ್ತಿಗೆಯ ವಿಡಿಯೋ ಇಟ್ಟು, ಮುಂಬೈ ಮತ್ತು ಬೆಂಗಳೂರಿಗೆ ಮಾತ್ರ ಜಾಹೀರಾತು ಹಾಕಿ. ಜಿಎಸ್‌ಟಿ ಸೇರಿ 2,360 ಆಗುತ್ತದೆ. ಒಂದು ಪೆಟ್ಟಿಗೆಯಲ್ಲಿ ನಿಮಗೆ ಖರ್ಚು ಕಳೆದು 150 ಉಳಿದರೆ 16 ಪೆಟ್ಟಿಗೆ ಹೋದಾಗ ಹಾಕಿದ ಹಣ ವಾಪಸು ಬಂದ ಹಾಗೆ. ಅಷ್ಟು ಹೋಗದಿದ್ದರೆ ಜಾಹೀರಾತು ನಿಲ್ಲಿಸಿ. ಎಷ್ಟು ಜನ ಪುಟಕ್ಕೆ ಬಂದರು, ಎಷ್ಟು ಜನ ಕಾರ್ಟಿಗೆ ಹಾಕಿದರು, ಎಷ್ಟು ಜನ ಹಣ ಕಟ್ಟಿದರು, ಈ ಮೂರು ಅಂಕಿಗಳನ್ನು ಬರೆದು ನನಗೆ ಕಳಿಸಿ.